ಎಕ್ಸೆಲ್ ಪಟ್ಟಿ ಡೇಟಾಬೇಸ್‌ಗೆ ಇಳಿಯುವ ಮುನ್ನ: ಎಲ್ಲಿ ಕೆಟ್ಟಿತು ಎಂದು ಹಿಡಿಯುವ ಬಗೆ

ಇಂಪೋರ್ಟ್, ಅಂದರೆ ಪಟ್ಟಿಯನ್ನು ಡೇಟಾಬೇಸ್‌ಗೆ ಇಳಿಸುವ ಕೆಲಸ, ಕೈಕೊಡುವುದರಲ್ಲಿ ಎರಡು ಬಗೆ. ಒಂದರಲ್ಲಿ ಡೇಟಾಬೇಸ್ ಇಂಥ ಸಾಲು, ಇಂಥ ಕಾಲಂ ಎಂದು ಹೇಳಿ ನಿಂತುಬಿಡುತ್ತದೆ. ಇನ್ನೊಂದರಲ್ಲಿ ಚಕಾರವೆತ್ತದೆ ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಯಾರಿಗೋ ಹೋಗಬೇಕಾದ ಹಣ ವಾಪಸ್ ಬಂದಾಗಲೋ, ಒಟ್ಟು ಮೊತ್ತ ತಾಳೆಯಾಗದಿದ್ದಾಗಲೋ ವಿಷಯ ಹೊರಬೀಳುತ್ತದೆ. ಮೊದಲನೆಯದು ಬಂದರೆ ಅದೃಷ್ಟ ಎಂದುಕೊಳ್ಳಿ. ಈ ಕೈಪಿಡಿ ಹೆಚ್ಚಾಗಿ ಎರಡನೆಯದನ್ನು ಕುರಿತದ್ದು.

ಉದಾಹರಣೆಗೆ ಒಂದೇ ಕೆಲಸವನ್ನು ಕೊನೆಯವರೆಗೂ ಇಟ್ಟುಕೊಳ್ಳುತ್ತೇನೆ. ಬೇರೆ ಬೇರೆ ಊರಿನ ಸಹಕಾರ ಸಂಘಗಳಿಂದ ಸದಸ್ಯರ ಪಟ್ಟಿ ಎಕ್ಸೆಲ್‌ನಲ್ಲಿ ಬರುತ್ತದೆ. ಹೆಸರು, ಊರು, ಪಿನ್ ಕೋಡ್, ಸರ್ವೆ ನಂಬರ್, ಆಧಾರ್, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ಸದಸ್ಯತ್ವದ ದಿನಾಂಕ, ಷೇರು ಹಣ. ಇವೆಲ್ಲ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ಒಂದು ಟೇಬಲ್‌ಗೆ ಹೋಗಬೇಕು. ನಡುವೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಂಡಾಸ್ ಲೈಬ್ರರಿ ಬಳಸಿ ಬರೆದ ಸ್ವಚ್ಛತೆಯ ಸ್ಕ್ರಿಪ್ಟ್ ಇದೆ. ನೀವು ಡೇಟಾ ತೊಳೆಯಲು ಎಕ್ಸೆಲ್‌ನ ಪವರ್ ಕ್ವೆರಿ ಅಥವಾ ಓಪನ್‌ರಿಫೈನ್ ತಂತ್ರಾಂಶ ಬಳಸುತ್ತಿದ್ದರೂ ದೋಷಗಳು ಇವೇ.

ಕೆಲಸ ಶುರುಮಾಡುವ ಮುಂಚೆ ಒಂದು ವ್ಯತ್ಯಾಸ ತಲೆಯಲ್ಲಿರಲಿ. ಡೇಟಾದಲ್ಲಿ ಕೊಳೆ ಇರಬಹುದು, ಇಲ್ಲವೇ ಡೇಟಾ ನಷ್ಟವಾಗಿರಬಹುದು. ಹೆಚ್ಚುವರಿ ಸ್ಪೇಸ್, ರೂಪಾಯಿ ಚಿಹ್ನೆ, ಅಡ್ಡಾದಿಡ್ಡಿ ದಿನಾಂಕ ಇವೆಲ್ಲ ಕೊಳೆ, ಸ್ಕ್ರಿಪ್ಟ್ ತೊಳೆಯುತ್ತದೆ. ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗಿದ್ದರೆ ಅದು ನಷ್ಟ; ಅದನ್ನು ಯಾವ ಸ್ಕ್ರಿಪ್ಟೂ ತರಲಾರದು, ಕಳಿಸಿದವರನ್ನೇ ಮತ್ತೆ ಕೇಳಬೇಕು. ತೊಂದರೆಯೆಂದರೆ ನಷ್ಟವಾದ ಡೇಟಾ ನೋಡಲು ಬಹಳ ಶುಭ್ರವಾಗಿರುತ್ತದೆ. ಸ್ವಚ್ಛತೆಯ ಸ್ಕ್ರಿಪ್ಟ್ ಅದನ್ನು ಮುಟ್ಟದೆ ಮುಂದೆ ಹೋಗುತ್ತದೆ.

ಮೊದಲ ಹೆಜ್ಜೆ: ಒಂದು ಸಾಲನ್ನು ಹಿಡಿದು ಹಿಂದಕ್ಕೆ ನಡೆಯಿರಿ

ಬಂದ ಫೈಲನ್ನು ಹಾಗೇ ಒಂದು ಫೋಲ್ಡರ್‌ನಲ್ಲಿಟ್ಟು ಬೀಗ ಹಾಕಿ, ಅಂದರೆ ಓದಲು ಮಾತ್ರ ಅವಕಾಶವಿರುವಂತೆ ಮಾಡಿ. ಪ್ರತಿಯ ಮೇಲೆ ಕೆಲಸ ಮಾಡಿ. ಸಿಎಸ್‌ವಿ, ಅಂದರೆ ಅಲ್ಪವಿರಾಮದಿಂದ ಕಾಲಂ ಬೇರೆ ಮಾಡಿದ ಬರೀ ಪಠ್ಯದ ಫೈಲನ್ನಂತೂ ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆಯಲೇಬೇಡಿ. ತೆರೆದ ಕ್ಷಣದಲ್ಲೇ ಎಕ್ಸೆಲ್ ತನಗೆ ತೋಚಿದಂತೆ ಸಂಖ್ಯೆ, ದಿನಾಂಕ ಎಂದು ವಿಂಗಡಿಸಿಬಿಡುತ್ತದೆ, "ಸೇವ್ ಮಾಡಲೇ?" ಎಂದು ಕೇಳಿದಾಗ ಅಭ್ಯಾಸಬಲದಿಂದ ಹೂಂ ಅಂದರೆ ಮೂಲವೇ ಹೋಯಿತು. ಸಿಎಸ್‌ವಿ ನೋಡಬೇಕಿದ್ದರೆ ನೋಟ್‌ಪ್ಯಾಡ್ ಸಾಕು.

ಈಗ ದೂರು ಬಂದ ಒಂದೇ ಒಂದು ಸಾಲನ್ನು ಆರಿಸಿಕೊಳ್ಳಿ. ಅದು ನಾಲ್ಕು ಕಡೆ ಹೇಗಿದೆ ನೋಡಿ: ಡೇಟಾಬೇಸ್‌ನಲ್ಲಿ, ಸ್ಕ್ರಿಪ್ಟ್ ಓದಿದ ತಕ್ಷಣ ಏನನ್ನೂ ತೊಳೆಯುವ ಮೊದಲು, ಬಂದ ಫೈಲಿನ ಒಳಗೆ, ಮತ್ತು ಸಾಧ್ಯವಾದರೆ ಸಂಘದ ಕಾಗದದ ರಿಜಿಸ್ಟರ್‌ನಲ್ಲಿ. ಯಾವ ಎರಡರ ನಡುವೆ ಮೌಲ್ಯ ಬದಲಾಯಿತೋ ದೋಷ ಅಲ್ಲಿದೆ. ಇದನ್ನು ಮಾಡದೆ ನೇರವಾಗಿ ಸ್ಕ್ರಿಪ್ಟ್‌ಗೆ ಇನ್ನೊಂದು ತೇಪೆ ಹಾಕುವವರೇ ಹೆಚ್ಚು. ಇಂಥ ತೇಪೆಗಳು ಸೇರಿ ಸೇರಿ ಕೊನೆಗೆ ಯಾವ ನಿಯಮ ಯಾವುದಕ್ಕಾಗಿ ಬಂತೆಂದು ಯಾರಿಗೂ ತಿಳಿಯದ ಸ್ಕ್ರಿಪ್ಟ್ ಒಂದು ಉಳಿಯುತ್ತದೆ.

ಎಕ್ಸೆಲ್ ಫೈಲಿನ ಒಳಗೆ ನಿಜಕ್ಕೂ ಏನಿದೆ ಎಂದು ತಿಳಿಯಲು ಸೆಲ್ ಮೇಲೆ ಕಾಣುವುದನ್ನು ನಂಬಬೇಡಿ, ಫಾರ್ಮುಲಾ ಪಟ್ಟಿಯಲ್ಲಿ ಕಾಣುವುದನ್ನು ನೋಡಿ. ಸಾವಿರಾರು ಸಾಲಿದ್ದರೆ ಪೈಥಾನ್‌ನ ಓಪನ್‌ಪೈಎಕ್ಸ್‌ಎಲ್ ಲೈಬ್ರರಿಯಿಂದ ಪ್ರತಿ ಸೆಲ್‌ನ ಮೌಲ್ಯದ ಜೊತೆ ಅದರ ಬಗೆಯನ್ನೂ ಹೊರತೆಗೆಯಿರಿ: ಪಠ್ಯವೋ, ಸಂಖ್ಯೆಯೋ, ದಿನಾಂಕವೋ. ಒಂದು ಕಾಲಂನಲ್ಲಿ ಎರಡು ಬಗೆ ಬೆರೆತಿದ್ದರೆ ಅರ್ಧ ರೋಗ ಅಲ್ಲೇ ಪತ್ತೆಯಾಯಿತು.

ಖಾತೆ ಸಂಖ್ಯೆ, ಆಧಾರ್, ಪಿನ್: ಸಂಖ್ಯೆಯಂತೆ ಕಾಣುವ ಸಂಖ್ಯೆಯಲ್ಲದವು

ಕೂಡಿ ಕಳೆಯಲಾಗದ ಯಾವುದನ್ನೂ ಸಂಖ್ಯೆಯಾಗಿ ಓದಬಾರದು. ಖಾತೆ ಸಂಖ್ಯೆಯ ಸರಾಸರಿ ಯಾರಿಗೆ ಬೇಕು?

ಲಕ್ಷಣ ಹೀಗಿರುತ್ತದೆ: ಆಧಾರ್ ಕಾಲಂನಲ್ಲಿ ಹತ್ತಾರು ಜನರ ಸಂಖ್ಯೆಯ ಕೊನೆಗೆ ಆರು ಸೊನ್ನೆ. ಎಕ್ಸೆಲ್‌ನ ಜನರಲ್ ಫಾರ್ಮ್ಯಾಟ್‌ನಲ್ಲಿ 11 ಅಂಕಿವರೆಗಿನ ಸಂಖ್ಯೆ ಪೂರ್ತಿ ಕಾಣುತ್ತದೆ. 12 ಅಂಕಿ ಆಯಿತೋ, 1.23457ಇ+11 ಎಂಬ ವೈಜ್ಞಾನಿಕ ರೂಪಕ್ಕೆ ತಿರುಗುತ್ತದೆ. ಆಧಾರ್‌ಗೆ ಸರಿಯಾಗಿ 12 ಅಂಕಿ. ಎಕ್ಸೆಲ್ ಫೈಲಾಗಿಯೇ ಉಳಿದಿದ್ದರೆ ಒಳಗೆ ಪೂರ್ತಿ ಸಂಖ್ಯೆ ಸುರಕ್ಷಿತ. ಆದರೆ ಸಿಎಸ್‌ವಿಯಾಗಿ ಸೇವ್ ಮಾಡಿದರೆ ಕಣ್ಣಿಗೆ ಕಾಣುವ ರೂಪವೇ ಫೈಲಿಗೆ ಹೋಗುತ್ತದೆ. ಹಾಗಾಗಿ ಪರಿಹಾರ ಸರಳ: ಸಿಎಸ್‌ವಿ ಬೇಡ, ಮೂಲ ಎಕ್ಸೆಲ್ ಫೈಲನ್ನೇ ಕಳಿಸಿ ಎಂದು ಕೇಳುವುದು.

16 ಅಂಕಿಯ ಖಾತೆ ಸಂಖ್ಯೆಗಳ ಕಥೆ ಬೇರೆ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ನೆನಪಿಟ್ಟುಕೊಳ್ಳುತ್ತದೆ, 16ನೆಯದನ್ನು ಸೊನ್ನೆ ಮಾಡುತ್ತದೆ. ಇದು ಟೈಪ್ ಮಾಡಿ ಎಂಟರ್ ಒತ್ತಿದ ಕ್ಷಣದಲ್ಲೇ ಆಗಿಹೋಗುವುದರಿಂದ ಮೂಲ ಫೈಲೂ ಉಪಯೋಗವಿಲ್ಲ. ಪತ್ತೆ ಮಾಡುವುದು ಸುಲಭ. 16 ಅಂಕಿಯ ಖಾತೆಗಳನ್ನೆಲ್ಲ ಬೇರೆ ಮಾಡಿ, ಕೊನೆಯ ಅಂಕಿ ಎಣಿಸಿ. ಸಾಮಾನ್ಯವಾಗಿ ಹತ್ತರಲ್ಲಿ ಒಂದಷ್ಟೇ ಸೊನ್ನೆಯಲ್ಲಿ ಮುಗಿಯಬೇಕು. ಎಲ್ಲವೂ ಸೊನ್ನೆಯಲ್ಲಿ ಮುಗಿದಿದ್ದರೆ ಆ ಕಾಲಂ ಪೂರ್ತಿ ಹೋಯಿತೆಂದೇ ಲೆಕ್ಕ. ಪಾಸ್‌ಬುಕ್ ನೋಡಿ ಮತ್ತೆ ಬರೆಸಬೇಕು.

ಆಧಾರ್‌ಗಾದರೆ ಒಂದು ಅನುಕೂಲವಿದೆ. ಅದರ ಕೊನೆಯ ಅಂಕಿ ವೆರ್‌ಹೋಫ್ ವಿಧಾನದ ತಪಾಸಣೆ ಅಂಕಿ. ಯಾವುದೇ ಒಂದು ಅಂಕಿ ತಪ್ಪಿದರೂ, ಪಕ್ಕಪಕ್ಕದ ಎರಡು ಅದಲುಬದಲಾದರೂ ಸಿಕ್ಕಿಬೀಳುತ್ತದೆ. ಮೊದಲ ಅಂಕಿ 0 ಅಥವಾ 1 ಆಗಿರುವುದಿಲ್ಲ. ಈ ಎರಡು ಪರೀಕ್ಷೆ ಸ್ಕ್ರಿಪ್ಟ್‌ನಲ್ಲಿ ಇರಲೇಬೇಕು. ಆದರೆ ತಪ್ಪಿದ ಆಧಾರ್ ಸಂಖ್ಯೆಯನ್ನು ಸ್ಕ್ರಿಪ್ಟ್ ತನ್ನ ಕೆಲಸದ ವರದಿ ಬರೆಯುವ ಲಾಗ್ ಫೈಲಿನಲ್ಲಿ ಪೂರ್ತಿ ಅಚ್ಚು ಹಾಕಬೇಡಿ. ಫೈಲಿನ ಹೆಸರು, ಸಾಲಿನ ಸಂಖ್ಯೆ, ಕೊನೆಯ ನಾಲ್ಕು ಅಂಕಿ ಸಾಕು. ಲಾಗ್ ಫೈಲುಗಳು ಎಲ್ಲೆಲ್ಲೋ ಅಲೆಯುತ್ತವೆ.

ಪಿನ್ ಕೋಡ್ 577201 ಎಂದಿದ್ದದ್ದು ಡೇಟಾಬೇಸ್‌ನಲ್ಲಿ 577201.0 ಆಗಿದ್ದರೆ ತಪ್ಪು ಎಕ್ಸೆಲ್‌ನದಲ್ಲ, ಪಾಂಡಾಸ್‌ನದು. ಕಾಲಂನಲ್ಲಿ ಒಂದೇ ಒಂದು ಸೆಲ್ ಖಾಲಿಯಿದ್ದರೂ ಪಾಂಡಾಸ್ ಇಡೀ ಕಾಲಂ ಅನ್ನು ದಶಮಾಂಶ ಸಂಖ್ಯೆಯಾಗಿ ಓದುತ್ತದೆ. ".0" ತೆಗೆಯುವ ನಿಯಮ ಸೇರಿಸುವುದು ತೇಪೆ. ಓದುವಾಗಲೇ ಎಲ್ಲ ಕಾಲಂ ಅನ್ನೂ ಪಠ್ಯವೆಂದು ಘೋಷಿಸುವುದು ಚಿಕಿತ್ಸೆ. ಅದೇ ಸಾಲಿನಲ್ಲಿ, ಖಾಲಿಯ ಬಗ್ಗೆ ಪಾಂಡಾಸ್‌ನ ಸ್ವಂತ ಊಹೆಯನ್ನೂ ಆರಿಸಿಬಿಡಿ. ಇಲ್ಲದಿದ್ದರೆ ಇನಿಷಿಯಲ್ ಕಾಲಂನಲ್ಲಿ ಎನ್ ಮತ್ತು ಎ ಎರಡೇ ಇಂಗ್ಲಿಷ್ ದೊಡ್ಡಕ್ಷರ ಬರೆದವರ ಇನಿಷಿಯಲ್ "ಲಭ್ಯವಿಲ್ಲ" ಎಂದಾಗಿ ಮಾಯವಾಗುತ್ತದೆ. ಪವರ್ ಕ್ವೆರಿಯಲ್ಲಿ ಇದೇ ಕಾಟ "ಚೇಂಜ್ಡ್ ಟೈಪ್" ಎಂಬ ಹೆಜ್ಜೆಯ ರೂಪದಲ್ಲಿ ಬರುತ್ತದೆ. ನೀವು ಕೇಳದೆಯೇ ಅದು ಸೇರಿಕೊಂಡಿರುತ್ತದೆ. ಅಳಿಸಿ, ಬೇಕಾದ ಕಾಲಂಗೆ ಮಾತ್ರ ನೀವೇ ಬಗೆ ನಿಗದಿಮಾಡಿ.

ಐಎಫ್‌ಎಸ್‌ಸಿಯಲ್ಲಿ 11 ಅಕ್ಷರ. ಐದನೆಯದು ಯಾವಾಗಲೂ ಸೊನ್ನೆ. ಟೈಪ್ ಮಾಡುವವರು ಅಲ್ಲಿ ಇಂಗ್ಲಿಷಿನ ಓ ಅಕ್ಷರ ಒತ್ತುವುದು ನಿತ್ಯದ ಸಂಗತಿ. ಇದನ್ನು ಸ್ಕ್ರಿಪ್ಟ್ ತಾನೇ ತಿದ್ದಬಹುದು, ಏಕೆಂದರೆ ಆ ಜಾಗದಲ್ಲಿ ಬೇರೇನೂ ಬರುವಂತಿಲ್ಲ. ಆರನೆಯ ಅಕ್ಷರದಿಂದ ಮುಂದೆ ಅದೇ ತಿದ್ದುಪಡಿ ಮಾಡಿದರೆ ಅದು ಊಹೆ. ತೊಳೆಯುವ ನಿಯಮಗಳೆಲ್ಲಕ್ಕೂ ನಾನು ಹಾಕುವ ಗೆರೆ ಇದೇ: ಒಂದೇ ಉತ್ತರ ಸಾಧ್ಯವಿದ್ದರೆ ತಿದ್ದು, ಎರಡಿದ್ದರೆ ಬದಿಗಿಡು.

ಇನ್ನೊಂದು ಬಗೆಯ ಐಎಫ್‌ಎಸ್‌ಸಿ ತಪ್ಪು ರೂಪದ ಪರೀಕ್ಷೆಗೆ ಸಿಗುವುದೇ ಇಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು; ಹಳೆಯ ಸಿಂಡಿಕೇಟ್ ಕೋಡ್‌ಗಳು 2021ರ ಜುಲೈನಿಂದ ನಡೆಯುತ್ತಿಲ್ಲ. ಕರಾವಳಿ, ಉತ್ತರ ಕರ್ನಾಟಕದ ಹಳೆಯ ಪಟ್ಟಿಗಳಲ್ಲಿ ಅವು ಇನ್ನೂ ಸಾಲುಸಾಲಾಗಿ ಬರುತ್ತವೆ. ಅಕ್ಷರ ಸರಿ, ಉದ್ದ ಸರಿ, ಸೊನ್ನೆಯೂ ಸರಿ, ಹಣ ಮಾತ್ರ ಹೋಗುವುದಿಲ್ಲ. ರಿಸರ್ವ್ ಬ್ಯಾಂಕ್ ಪ್ರಕಟಿಸುವ ಕೋಡ್ ಪಟ್ಟಿಯನ್ನು ಒಂದು ಉಲ್ಲೇಖ ಟೇಬಲ್ ಆಗಿ ಇಟ್ಟುಕೊಂಡು ಅದರೊಡನೆ ತಾಳೆ ನೋಡುವುದೊಂದೇ ದಾರಿ.

ದಿನಾಂಕ: ಬಲಕ್ಕೆ ನಿಂತದ್ದನ್ನೇ ಅನುಮಾನಿಸಿ

ಕಾಲಂನಲ್ಲಿ ಕೆಲವು ದಿನಾಂಕ ಎಡಕ್ಕೆ ಅಂಟಿಕೊಂಡಿವೆ, ಕೆಲವು ಬಲಕ್ಕೆ. ಇದು ಅಲಂಕಾರದ ದೋಷವಲ್ಲ. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದು, ಬರೆದವರು ನಮ್ಮ ಪದ್ಧತಿಯಂತೆ ದಿನ ಮೊದಲು ಬರೆದಾಗ ಹೀಗಾಗುತ್ತದೆ. 13/04/2023 ಎಂದರೆ 13ನೇ ತಿಂಗಳಿಲ್ಲವಾದ್ದರಿಂದ ಎಕ್ಸೆಲ್ ಅದನ್ನು ಪಠ್ಯವಾಗಿ ಬಿಟ್ಟುಬಿಡುತ್ತದೆ. ಅದು ಎಡಕ್ಕೆ ನಿಲ್ಲುತ್ತದೆ. 05/04/2023 ಎಂದರೆ ಏಪ್ರಿಲ್ 5ರ ಬದಲು ಮೇ 4 ಎಂದು ಓದಿ ನಿಜವಾದ ದಿನಾಂಕವಾಗಿ ಇಟ್ಟುಕೊಳ್ಳುತ್ತದೆ, ಅದು ಬಲಕ್ಕೆ.

ನೋಡಿದವರೆಲ್ಲ ಎಡಕ್ಕಿರುವುದು ಕೆಟ್ಟಿದೆ ಎಂದುಕೊಂಡು ಅದನ್ನು ತಿದ್ದಲು ಹೊರಡುತ್ತಾರೆ. ವಾಸ್ತವ ತಿರುಗುಮುರುಗು. ಪಠ್ಯವಾಗಿ ಉಳಿದದ್ದು ಬರೆದಂತೆಯೇ ಇದೆ. ದಿನಾಂಕವೆಂದು ಒಪ್ಪಿಕೊಂಡದ್ದೇ ತಿಂಗಳು ದಿನ ಅದಲುಬದಲಾಗಿ ಕೂತಿದೆ.

ಖಚಿತಪಡಿಸಿಕೊಳ್ಳಲು ಹೀಗೆ ಮಾಡಿ. ಆ ಫೈಲಿನಲ್ಲಿ ನಿಜವಾದ ದಿನಾಂಕದ ಬಗೆಯ ಸೆಲ್‌ಗಳನ್ನು ಮಾತ್ರ ತೆಗೆದುಕೊಂಡು, ಅವುಗಳಲ್ಲಿ ದಿನದ ಭಾಗ ಎಷ್ಟರವರೆಗೆ ಹೋಗುತ್ತದೆ ನೋಡಿ. ನೂರಾರು ಸಾಲಿದ್ದೂ ಒಂದರಲ್ಲೂ ದಿನ 12 ದಾಟಿಲ್ಲವೆಂದರೆ ಅದಲುಬದಲು ಆಗಿರುವುದು ನಿಶ್ಚಯ. ಆ ಫೈಲಿನ ದಿನಾಂಕ ಸೆಲ್‌ಗಳಲ್ಲಿ ದಿನ ಮತ್ತು ತಿಂಗಳನ್ನು ಮತ್ತೆ ಬದಲಿಸಿ, ಪಠ್ಯ ಸೆಲ್‌ಗಳನ್ನು ದಿನ-ತಿಂಗಳು-ವರ್ಷ ಎಂದೇ ಓದಿ. 12 ದಾಟಿದವು ಸಾಕಷ್ಟಿದ್ದರೆ ಸೆಟ್ಟಿಂಗ್ ಸರಿಯಿತ್ತು, ಮುಟ್ಟಬೇಡಿ. ಈ ತೀರ್ಮಾನವನ್ನು ಫೈಲು ಫೈಲಿಗೆ ಬೇರೆ ಬೇರೆ ಮಾಡಬೇಕು. ಎಲ್ಲ ಸಂಘಗಳ ಪಟ್ಟಿ ಒಂದರ ಕೆಳಗೊಂದು ಅಂಟಿಸಿ ಒಂದೇ ಶೀಟ್ ಮಾಡಿದ ಮೇಲೆ ಈ ಪರೀಕ್ಷೆ ಕೆಲಸ ಮಾಡುವುದಿಲ್ಲ. ಅದಕ್ಕೇ ಕೂಡಿಸುವ ಕೆಲಸ ಸ್ಕ್ರಿಪ್ಟ್‌ದಾಗಿರಲಿ, ಅದೂ ಕೊನೆಯಲ್ಲಿ.

ಪಾಂಡಾಸ್‌ಗೆ "ದಿನ ಮೊದಲು" ಎಂಬ ಆಯ್ಕೆ ಕೊಟ್ಟರೆ ಸಾಕಲ್ಲವೇ ಎಂದು ಕೇಳಬಹುದು. ಅದು ಆದೇಶವಲ್ಲ, ಸಲಹೆ ಮಾತ್ರ. ಹೊಂದದ ಮೌಲ್ಯ ಬಂದರೆ ತಿಂಗಳು ಮೊದಲು ಎಂದು ಓದಿಬಿಡುವ ಸಾಧ್ಯತೆಯಿದೆ. ರೂಪವನ್ನು ಪೂರ್ತಿ ಬರೆದು ಕೊಡಿ, ಹೊಂದದ್ದು ಖಾಲಿಯಾಗಲಿ, ಖಾಲಿಯಾದವು ತಿರಸ್ಕೃತ ಪಟ್ಟಿಗೆ ಹೋಗಲಿ. ಡೇಟಾಬೇಸ್‌ಗೆ ಕೊಡುವಾಗ ವರ್ಷ-ತಿಂಗಳು-ದಿನ ಕ್ರಮವೊಂದೇ. ಪೋಸ್ಟ್‌ಗ್ರೆಸ್ ಕೂಡ ತನ್ನ ಡೇಟ್‌ಸ್ಟೈಲ್ ಸೆಟ್ಟಿಂಗ್ ನೋಡಿ 05/04/2023 ಅನ್ನು ಮೇ 4 ಎಂದು ಓದಬಲ್ಲದು.

ಕೆಲವು ಸಣ್ಣವು. ದಿನಾಂಕದ ಬದಲು 45021 ಎಂಬಂಥ ಸಂಖ್ಯೆ ಕಂಡರೆ ಗಾಬರಿ ಬೇಡ. ಅದು ಎಕ್ಸೆಲ್‌ನ ದಿನಗಣನೆ, 2023ರ ಏಪ್ರಿಲ್ 5. ಎಲ್ಲ ದಿನಾಂಕಗಳೂ ಸರಿಯಾಗಿ ನಾಲ್ಕು ವರ್ಷ ಒಂದು ದಿನ ಹಿಂದೆಮುಂದೆ ಇದ್ದರೆ ಯಾರೋ ಹಳೆಯ ಮ್ಯಾಕ್‌ನ 1904ರ ಪದ್ಧತಿಯ ಫೈಲಿನಿಂದ ನಕಲು ಮಾಡಿದ್ದಾರೆ. ವ್ಯತ್ಯಾಸ 1,462 ದಿನ. ಎರಡಂಕಿಯ ವರ್ಷ ಬರೆದಲ್ಲಿ ಎಕ್ಸೆಲ್ 00ರಿಂದ 29ರವರೆಗೆ 2000ದ ಸಾಲಿಗೂ, 30ರಿಂದ 99ರವರೆಗೆ 1900ರ ಸಾಲಿಗೂ ಸೇರಿಸುತ್ತದೆ. 1928ರಲ್ಲಿ ಹುಟ್ಟಿದ ಹಿರಿಯ ಸದಸ್ಯರು ಹೀಗೆ ಇನ್ನೂ ಹುಟ್ಟಬೇಕಾದವರಾಗುತ್ತಾರೆ. ಚುಕ್ಕಿ ಇಟ್ಟು 05.04.2023 ಎಂದು ಬರೆಯುವ ನಮ್ಮ ಹಳೆಯ ಗುಮಾಸ್ತೆ ಪದ್ಧತಿಯೇ ವಾಸಿ. ಇಂಗ್ಲಿಷ್ ಸೆಟ್ಟಿಂಗ್‌ನ ಎಕ್ಸೆಲ್ ಅದನ್ನು ಸಾಮಾನ್ಯವಾಗಿ ಪಠ್ಯವೆಂದು ಬಿಟ್ಟುಬಿಡುತ್ತದೆ.

ದಿನಾಂಕವಲ್ಲದ್ದು ದಿನಾಂಕವಾಗುವುದು ಇನ್ನೊಂದು ಉಪದ್ರವ. ಸರ್ವೆ ನಂಬರ್ 12/3 ಎಂದು ಬರೆದರೆ ಎಕ್ಸೆಲ್‌ಗೆ ಅದೊಂದು ತಾರೀಕು. ಪಕ್ಕದ ಸಾಲಿನ 112/3 ಹಾಗೇ ಉಳಿಯುತ್ತದೆ, 12/3ಎ ಕೂಡ ಉಳಿಯುತ್ತದೆ, 12/3 ಮಾತ್ರ ಮಾರ್ಚ್ ತಿಂಗಳಿಗೋ ಡಿಸೆಂಬರ್‌ಗೋ ಹೋಗುತ್ತದೆ. ಜೀವವಿಜ್ಞಾನಿಗಳಿಗೂ ಈ ಕಾಟ ತಪ್ಪಿರಲಿಲ್ಲ: ಸೆಪ್ಟ್1, ಮಾರ್ಚ್1 ಎಂಬ ವಂಶವಾಹಿಗಳ ಹೆಸರು ತಾರೀಕಾಗುತ್ತಿದ್ದುದರಿಂದ, ಮಾನವ ವಂಶವಾಹಿಗಳಿಗೆ ಹೆಸರಿಡುವ ಸಮಿತಿ ಆ ಹೆಸರುಗಳನ್ನೇ ಬದಲಿಸಿ 2020ರಲ್ಲಿ ಹೊಸ ಮಾರ್ಗಸೂಚಿ ತಂದಿತು. 2023ರಲ್ಲಿ ಮೈಕ್ರೋಸಾಫ್ಟ್ ಈ ತಾನಾಗಿ ಬದಲಿಸುವ ಚಟವನ್ನು ಆರಿಸುವ ಆಯ್ಕೆಯನ್ನು ಎಕ್ಸೆಲ್‌ಗೆ ಸೇರಿಸಿತು. ಸಂಘದ ಕಚೇರಿಯ ಹಳೆಯ ಎಕ್ಸೆಲ್‌ನಲ್ಲಿ ಅದು ಇರುವುದಿಲ್ಲವೆಂದೇ ಲೆಕ್ಕ ಹಾಕಿ. ಫೈಲು ಯಾವ ಸೆಟ್ಟಿಂಗ್‌ನಲ್ಲಿ ತಯಾರಾಯಿತೆಂದು ಮೇಲಿನ ದಿನಾಂಕ ಪರೀಕ್ಷೆಯಿಂದ ತಿಳಿದಿದ್ದರೆ ಸರ್ವೆ ನಂಬರ್ ಅನ್ನು ವಾಪಸ್ ಕಟ್ಟಬಹುದು. ತಿಳಿಯದಿದ್ದರೆ ಪಹಣಿ ನೋಡಿಯೇ ತಿದ್ದಬೇಕು.

ಕನ್ನಡ ಕಾಲಂ ಕೆಟ್ಟರೆ

ಪರದೆಯ ಮೇಲೆ ಏನು ಕಾಣುತ್ತದೆ ಎಂಬುದರಿಂದಲೇ ರೋಗ ಗುರುತಿಸಬಹುದು.

ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಅದು ನಷ್ಟ. ಎಕ್ಸೆಲ್‌ನಲ್ಲಿ ಸಾದಾ ಸಿಎಸ್‌ವಿ ಎಂದು ಸೇವ್ ಮಾಡಿದ್ದಾರೆ, ಕನ್ನಡ ಅಕ್ಷರಕ್ಕೆ ಆ ಫೈಲಿನಲ್ಲಿ ಜಾಗವಿರಲಿಲ್ಲ. ಸೇವ್ ಪಟ್ಟಿಯಲ್ಲಿ ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳನ್ನೂ ಹಿಡಿಯುವ ಸಂಕೇತ ಪದ್ಧತಿ) ಎಂದಿರುವ ಸಿಎಸ್‌ವಿ ಬೇರೆಯೇ ಇದೆ; ಮೂಲದಿಂದ ಅದನ್ನು ಆರಿಸಿ ಮತ್ತೆ ಮಾಡಿಸಬೇಕು.

ತಲೆಯ ಮೇಲೆ ಗೀರಿರುವ ಇಂಗ್ಲಿಷ್ ಎ, ಅದರ ಪಕ್ಕ ಮೇಲೆ ಕುಳಿತ ಪುಟ್ಟ 2 ಅಥವಾ 3, ಇವು ಮತ್ತೆ ಮತ್ತೆ ಬರುತ್ತಿದ್ದರೆ ಅದು ಕೊಳೆ. ಕನ್ನಡದ ಪ್ರತಿ ಅಕ್ಷರಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್. ಅವನ್ನು ಇಂಗ್ಲಿಷ್ ಮುಂತಾದ ಭಾಷೆಗಳ ಹಳೆಯ ಸಂಕೇತ ಪದ್ಧತಿಯಾದ ವಿಂಡೋಸ್-1252 ಎಂದು ತಪ್ಪಾಗಿ ಓದಿದಾಗ ಹೀಗೆ ಕಾಣುತ್ತದೆ. ಹಿಂದಿರುಗಿಸುವ ವಿಧಾನ ಎಲ್ಲರಿಗೂ ಗೊತ್ತು: ಪಠ್ಯವನ್ನು 1252ಕ್ಕೆ ಎನ್‌ಕೋಡ್ ಮಾಡಿ (ಬೈಟ್‌ಗಳಾಗಿಸಿ) ಯುಟಿಎಫ್-8ಕ್ಕೆ ಡಿಕೋಡ್ ಮಾಡುವುದು (ಮತ್ತೆ ಅಕ್ಷರಗಳಾಗಿ ಓದುವುದು). ಆದರೆ ಕನ್ನಡಕ್ಕೆ ಇದರಲ್ಲೊಂದು ಗುಂಡಿಯಿದೆ. 1252ರಲ್ಲಿ ಐದು ಬೈಟ್‌ಗಳಿಗೆ ಅಕ್ಷರವೇ ಇಲ್ಲ, ಅವುಗಳಲ್ಲೊಂದು 141ನೆಯದು. ಒತ್ತಕ್ಷರ ಕಟ್ಟುವ ವಿರಾಮದ (ಕ್ ಎಂಬಲ್ಲಿ ಸ್ವರ ತೆಗೆಯುವ ಗುರುತಿನ) ಕೊನೆಯ ಬೈಟ್ ಸರಿಯಾಗಿ ಅದೇ. ಏ, ಐ, ಝ ಅಕ್ಷರಗಳ ಗತಿಯೂ ಇದೇ. ಹಾಗಾಗಿ ಪೈಥಾನ್‌ನ ನೇರ ವಿಧಾನ ಒತ್ತಕ್ಷರ ಬಂದಲ್ಲೆಲ್ಲ ಮುಗ್ಗರಿಸುತ್ತದೆ. ಆ ಐದು ಬೈಟ್‌ಗಳಿಗೆ ಮಾತ್ರ ಲ್ಯಾಟಿನ್-1 ಎಂಬ ಇನ್ನೊಂದು ಸಂಕೇತ ಪದ್ಧತಿ ಬಳಸುವಂತೆ ಬರೆಯಬೇಕು. ಇದಕ್ಕಿಂತ ಕೆಟ್ಟದ್ದು, ಎನ್‌ಕೋಡಿಂಗ್ ಸರಿಪಡಿಸುವ ಮುಂಚೆಯೇ ಕಾಣದ ನಿಯಂತ್ರಣ ಅಕ್ಷರಗಳನ್ನು ಅಳಿಸುವ ನಿಯಮ ಓಡಿಬಿಡುವುದು. ಆಗ ವಿರಾಮ ಪೂರ್ತಿ ಹೋಗಿ "ಕನ್ನಡ" ಎಂಬುದು "ಕನನಡ" ಆಗುವಂಥ ಸ್ಥಿತಿ. ಕೊಳೆಯನ್ನು ನೀವೇ ನಷ್ಟಕ್ಕೆ ತಿರುಗಿಸಿದಂತೆ. ಎನ್‌ಕೋಡಿಂಗ್ ಮೊದಲು, ಉಳಿದ ತೊಳೆತ ಆಮೇಲೆ.

ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ಗೀರಿನ ಅಕ್ಷರಗಳ ಅಸಂಬದ್ಧ ಸಾಲು ಕಂಡರೂ ಎಕ್ಸೆಲ್‌ನಲ್ಲಿ ತೆರೆದಾಗ ಅಚ್ಚುಕಟ್ಟಾದ ಕನ್ನಡ ಕಂಡರೆ, ಅದು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್. ಅಲ್ಲಿ ಕನ್ನಡ ಇರುವುದು ಫಾಂಟಿನ ಚಿತ್ರದಲ್ಲಿ, ಅಕ್ಷರ ಸಂಕೇತದಲ್ಲಿ ಅಲ್ಲ. ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಧಾರಾಳವಾಗಿವೆ, ತೊಡಕು ಪರಿವರ್ತನೆಯಲ್ಲಿ ಅಲ್ಲ. ಒಂದೇ ಕಾಲಂನಲ್ಲಿ ಕೆಲವು ಹೆಸರು ನುಡಿಯಲ್ಲಿ, ಕೆಲವು ಯುನಿಕೋಡ್‌ನಲ್ಲಿ, ಕೆಲವು ನಿಜವಾದ ಇಂಗ್ಲಿಷಿನಲ್ಲಿ ಇರುತ್ತವೆ. ಪರಿವರ್ತಕಕ್ಕೆ ಇಂಗ್ಲಿಷ್ ಹೆಸರು ಕೊಟ್ಟರೆ ಅದನ್ನೂ ಕನ್ನಡದ ಅಪಭ್ರಂಶ ಮಾಡಿ ಕೊಡುತ್ತದೆ. ಯಾವ ಸೆಲ್ ಯಾವುದು ಎಂದು ಹೇಳುವ ಏಕೈಕ ಸಾಕ್ಷಿ ಆ ಸೆಲ್‌ನ ಫಾಂಟ್ ಹೆಸರು. ಅದು ಎಕ್ಸೆಲ್ ಫೈಲಿನಲ್ಲಿದೆ, ಸಿಎಸ್‌ವಿ ಮಾಡಿದ ಕೂಡಲೇ ಹೋಗುತ್ತದೆ. ಆದ್ದರಿಂದ ಓಪನ್‌ಪೈಎಕ್ಸ್‌ಎಲ್‌ನಿಂದ ಸೆಲ್ ಸೆಲ್‌ನ ಫಾಂಟ್ ಓದಿ, ಹಳೆಯ ನುಡಿ ಅಥವಾ ಬರಹ ಫಾಂಟ್ ಇದ್ದಲ್ಲಿ ಮಾತ್ರ ಪರಿವರ್ತಿಸಿ. ಅಲ್ಲಿಯೂ ಯುನಿಕೋಡ್ ಕನ್ನಡ ಅಕ್ಷರ ಆಗಲೇ ಇದ್ದರೆ ಬಿಟ್ಟುಬಿಡಿ.

ಇಷ್ಟೆಲ್ಲ ಸರಿಯಿದ್ದೂ ಹುಡುಕಿದರೆ ಸಿಗದ ಹೆಸರುಗಳಿರುತ್ತವೆ. "ರಾಜ್‌ಕುಮಾರ್" ಎಂದು ಬರೆಯಲು ನಡುವೆ ಕಾಣದ ಜೋಡಣೆ-ತಡೆ ಅಕ್ಷರ ಬೇಕು. ಒಬ್ಬರು ಅದನ್ನು ಹಾಕಿರುತ್ತಾರೆ, ಇನ್ನೊಬ್ಬರು "ರಾಜಕುಮಾರ್" ಎಂದೋ "ರಾಜ್ಕುಮಾರ್" ಎಂದೋ ಬರೆದಿರುತ್ತಾರೆ. ಆ ಕಾಣದ ಅಕ್ಷರವನ್ನು ಹೆಸರಿನಿಂದ ಅಳಿಸಬೇಡಿ, ಓದುವ ರೂಪವೇ ಬದಲಾಗುತ್ತದೆ. ಹೋಲಿಕೆಗೆಂದೇ ಇನ್ನೊಂದು ಕಾಲಂ ಮಾಡಿ, ಅಲ್ಲಿ ಎನ್‌ಎಫ್‌ಸಿ ಎಂಬ ಯುನಿಕೋಡ್‌ನ ಏಕರೂಪಕ್ಕೆ ತಂದು, ಕಾಣದ ಅಕ್ಷರ, ಚುಕ್ಕಿ, ಸ್ಪೇಸ್ ತೆಗೆದುಹಾಕಿ. ಮನುಷ್ಯರಿಗೆ ತೋರಿಸುವುದು ಮೊದಲನೆಯದು, ಹುಡುಕುವುದು ಎರಡನೆಯದರಲ್ಲಿ.

ಕನ್ನಡ ಅಂಕಿಗಳದ್ದು ಕೊನೆಯ ಮೋಸ. ೫೭೭೨೦೧ ಎಂಬುದು ಪೈಥಾನ್‌ನ ಅಂಕಿ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ, ಏಕೆಂದರೆ ಯುನಿಕೋಡ್ ಪ್ರಕಾರ ಅದೂ ಅಂಕಿಯೇ. ಪಠ್ಯ ಕಾಲಂಗೆ ಹೋಗಿ ಕೂರುತ್ತದೆ. 577201 ಎಂದು ಹುಡುಕಿದಾಗ ಸಿಗುವುದಿಲ್ಲ. ಪೋಸ್ಟ್‌ಗ್ರೆಸ್‌ನ ಸಂಖ್ಯಾ ಕಾಲಂಗೆ ಕೊಟ್ಟರೆ ದೋಷ ತೋರಿಸುತ್ತದೆ. ಎಲ್ಲ ಅಂಕಿಗಳನ್ನೂ ಮೊದಲೇ 0-9ಕ್ಕೆ ಬದಲಿಸಿ, ಆಮೇಲೆ ಪರೀಕ್ಷಿಸಿ. ಬದಲಿಸಿದ ಮೇಲೂ ಕೆಲವು ಉಳಿದರೆ ಆ ಸೊನ್ನೆಯನ್ನು ಹತ್ತಿರದಿಂದ ನೋಡಿ. ಕೀಬೋರ್ಡಿನಲ್ಲಿ ಕನ್ನಡ ಸೊನ್ನೆ ಸಿಗದವರು ಅನುಸ್ವಾರ ಒತ್ತಿರುತ್ತಾರೆ: ೨ಂ೨೩. ಮುದ್ರಿಸಿದರೆ ವ್ಯತ್ಯಾಸ ಕಾಣುವುದೇ ಇಲ್ಲ. ಎರಡು ಅಂಕಿಗಳ ನಡುವಿನ ಅನುಸ್ವಾರವನ್ನು ಸೊನ್ನೆ ಎಂದು ತಿದ್ದಬಹುದು, ಅಲ್ಲಿ ಬೇರೆ ಅರ್ಥ ಸಾಧ್ಯವಿಲ್ಲ.

ಊರು, ಹೆಸರು, ಹಣ

ಎಕ್ಸೆಲ್‌ನ ಟ್ರಿಮ್ ಹಾಕಿದರೂ ಸ್ಪೇಸ್ ಹೋಗದಿದ್ದರೆ ಅದು ವೆಬ್ ಪುಟದಿಂದ ನಕಲಾಗಿ ಬಂದ 160ನೇ ಸಂಖ್ಯೆಯ ಬಿಡಿಸಲಾಗದ ಸ್ಪೇಸ್. ಅದನ್ನು ಮೊದಲು ಸಾದಾ ಸ್ಪೇಸ್ ಮಾಡಿ, ಆಮೇಲೆ ಟ್ರಿಮ್. ಹಣದ ಕಾಲಂನಲ್ಲಿ ರೂ., ₹, 5,000/- ಎಂಬಲ್ಲಿನ ಬಾಲ, 1,25,000ದ ಅಲ್ಪವಿರಾಮ ಎಲ್ಲವನ್ನೂ ತೆಗೆಯಬಹುದು. "5 ಸಾವಿರ" ಎಂದು ಬರೆದದ್ದನ್ನು ಬದಿಗಿಡಿ.

ಊರಿನ ಹೆಸರಿಗೆ ಬದಲಿ ಪಟ್ಟಿ ಬೇಕು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾದವು. ಪಟ್ಟಿಗಳಲ್ಲಿ ಬೆಳಗಾಂ, ಗುಲ್ಬರ್ಗ, ಬಿಜಾಪುರ ಇನ್ನೂ ಇವೆ. ಹೊಸಪೇಟೆಯ ಹಳೆಯ ಸಾಲುಗಳಲ್ಲಿ ಜಿಲ್ಲೆ ಬಳ್ಳಾರಿ ಎಂದಿದ್ದರೆ ಅದು ಟೈಪಿಂಗ್ ತಪ್ಪಲ್ಲ, 2021ರಲ್ಲಿ ವಿಜಯನಗರ ಜಿಲ್ಲೆ ಆಗುವ ಮೊದಲಿನದು. ಅಕ್ಷರ ಹೋಲಿಕೆಯಿಂದ ಊರನ್ನು ತಾನಾಗಿ ಹೊಂದಿಸುವ ವಿಧಾನವನ್ನು ನಾನು ಹಳ್ಳಿಗಳಿಗೆ ಬಳಸುವುದಿಲ್ಲ. ಹೊಸಹಳ್ಳಿ, ಹೊಸೂರು, ರಾಮಪುರ ಎಷ್ಟು ತಾಲ್ಲೂಕುಗಳಲ್ಲಿಲ್ಲ? ಓಪನ್‌ರಿಫೈನ್‌ನ ಗುಂಪುಗೂಡಿಸುವ ಸೌಲಭ್ಯ ಒಂದೇ ತಾಲ್ಲೂಕಿನೊಳಗೆ ಓಡಿಸಿ, ಸೂಚನೆಯನ್ನು ಕಣ್ಣಿನಿಂದ ನೋಡಿ ಒಪ್ಪಿಕೊಳ್ಳುವುದು ಸರಿ. ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯ ಕೋಡ್ ಸೇರಿಸಿಕೊಂಡರೆ ಮುಂದಿನ ಸಲ ಈ ಜಗಳವೇ ಇಲ್ಲ.

ಸಾಲುಗಳ ಲೆಕ್ಕ ತಪ್ಪಿದಾಗ

ಹೆಚ್ಚು ಬಂದರೆ ನಡುನಡುವೆ ಇರುವ "ಒಟ್ಟು" ಸಾಲುಗಳು ಸದಸ್ಯರಾಗಿ ಒಳಗೆ ಸೇರಿವೆ, ಇಲ್ಲವೇ ಸೆಲ್ ಒಳಗಿನ ಆಲ್ಟ್-ಎಂಟರ್ ಸಾಲು ಮುರಿತವನ್ನು ಸ್ಕ್ರಿಪ್ಟ್ ಹೊಸ ಸಾಲೆಂದು ತಿಳಿದಿದೆ. ಎರಡನೆಯದು ಸಿಎಸ್‌ವಿಯನ್ನು ಕೈಯಾರೆ ಸಾಲು ಸಾಲಾಗಿ ಕತ್ತರಿಸುವ ಕೋಡ್‌ನ ಗುರುತು. ಸಿದ್ಧ ಸಿಎಸ್‌ವಿ ರೀಡರ್ ಬಳಸಿ. "ಒಟ್ಟು" ಸಾಲನ್ನು ತೆಗೆಯಿರಿ, ಆದರೆ ಎಸೆಯಬೇಡಿ. ಷೇರು ಹಣ ಕೂಡಿಸಿ ಅದರೊಡನೆ ತಾಳೆ ನೋಡಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಕಡಿಮೆ ಬಂದರೆ ಹಳೆಯ ಎಕ್ಸ್‌ಎಲ್‌ಎಸ್ ರೂಪದ ಮಿತಿ ನೋಡಿ: 65,536 ಸಾಲು. ಹೊಸ ಎಕ್ಸ್‌ಎಲ್‌ಎಸ್‌ಎಕ್ಸ್‌ಗೆ 10,48,576. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2020ರ ಶರತ್ಕಾಲದಲ್ಲಿ ಈ ಹಳೆಯ ರೂಪ ಬಳಸಿದ್ದರಿಂದಲೇ 15,841 ಕೋವಿಡ್ ಪ್ರಕರಣಗಳು ವರದಿಯಿಂದ ಬಿಟ್ಟುಹೋಗಿದ್ದವು. ಫೈಲು ತುಂಬಿತೆಂದು ಯಾವ ಎಚ್ಚರಿಕೆಯೂ ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಊರಿನ ಕಾಲಂ ಅರ್ಧ ಖಾಲಿ ಬಂದರೆ ವಿಲೀನಗೊಳಿಸಿದ ಸೆಲ್‌ಗಳಿವೆ; ಮೌಲ್ಯ ಇರುವುದು ಮೇಲಿನ ಎಡ ಮೂಲೆಯ ಒಂದರಲ್ಲಿ ಮಾತ್ರ. ಖಾಲಿ ಕಂಡಲ್ಲೆಲ್ಲ ಮೇಲಿನ ಊರನ್ನು ಕೆಳಗೆ ಎಳೆದರೆ ನಿಜವಾಗಿ ಊರು ಬರೆಯದವರಿಗೂ ಊರು ಸಿಕ್ಕಿಬಿಡುತ್ತದೆ. ವಿಲೀನದ ವ್ಯಾಪ್ತಿ ಫೈಲಿನಲ್ಲೇ ದಾಖಲಾಗಿದೆ, ಅದರೊಳಗೆ ಮಾತ್ರ ತುಂಬಿಸಿ.

ಡೇಟಾಬೇಸ್‌ನ ಬಾಗಿಲಲ್ಲಿ

ನೇರವಾಗಿ ಮುಖ್ಯ ಟೇಬಲ್‌ಗೆ ಇಳಿಸಬೇಡಿ. ಎಲ್ಲ ಕಾಲಂ ಪಠ್ಯವಾಗಿರುವ ತಾತ್ಕಾಲಿಕ ಟೇಬಲ್ ಒಂದಿರಲಿ, ಜೊತೆಗೆ ಫೈಲಿನ ಹೆಸರು, ಶೀಟ್, ಮೂಲ ಸಾಲಿನ ಸಂಖ್ಯೆ. ಅಲ್ಲಿಂದ ಪರೀಕ್ಷೆ ಪಾಸಾದವು ಮುಖ್ಯ ಟೇಬಲ್‌ಗೆ, ಉಳಿದವು ಕಾರಣದ ಸಮೇತ ತಿರಸ್ಕೃತ ಟೇಬಲ್‌ಗೆ. ಎರಡರ ಸಾಲು ಕೂಡಿದರೆ ಬಂದ ಸಾಲಿನಷ್ಟೇ ಆಗಬೇಕು. ಅದೇ ಫೈಲನ್ನು ಮತ್ತೆ ಓಡಿಸಿದರೆ ಅದೇ ಫಲಿತಾಂಶ ಬರಬೇಕು, ಸಾಲು ದುಪ್ಪಟ್ಟಾಗಬಾರದು.

ಪೋಸ್ಟ್‌ಗ್ರೆಸ್‌ನಲ್ಲಿ ಫೈಲನ್ನು ಟೇಬಲ್‌ಗೆ ತುಂಬುವ ಕಾಪಿ ಆದೇಶ ಒಂದು ಸಾಲು ಕೆಟ್ಟರೂ ಪೂರ್ತಿ ಹಿಂದೆ ಸರಿಯುತ್ತದೆ. 17ನೇ ಆವೃತ್ತಿಯಲ್ಲಿ ಕೆಟ್ಟ ಸಾಲು ಬಿಟ್ಟು ಮುಂದೆ ಹೋಗುವ ಆಯ್ಕೆ ಬಂದಿದೆ. ಇಂಥ ಕೆಲಸಕ್ಕೆ ನಾನು ಅದನ್ನು ಮುಟ್ಟುವುದಿಲ್ಲ. ಅದೇ ಕಾಪಿ, ಸಿಎಸ್‌ವಿಯಲ್ಲಿ ಉದ್ಧರಣ ಚಿಹ್ನೆಯಿಲ್ಲದ ಖಾಲಿಯನ್ನು ನಲ್ (ಮೌಲ್ಯವೇ ಇಲ್ಲ) ಎಂದೂ, ಚಿಹ್ನೆಯೊಳಗಿನ ಖಾಲಿಯನ್ನು ಖಾಲಿ ಪಠ್ಯವೆಂದೂ ಓದುತ್ತದೆ. ಖಾಲಿ ಆಧಾರ್ ಹುಡುಕಿದಾಗ ಅರ್ಧ ಜನ ಮಾತ್ರ ಸಿಕ್ಕರೆ ಕಾರಣ ಇದು. ಮೊದಲ ಕಾಲಂ ಮಾತ್ರ "ಇಲ್ಲ" ಎಂದು ದೋಷ ಬಂದರೆ ಫೈಲಿನ ಆರಂಭದಲ್ಲಿ ಬಿಒಎಂ ಎಂಬ ಕಾಣದ ಗುರುತಿದೆ. ಪೈಥಾನ್‌ನಲ್ಲಿ ಯುಟಿಎಫ್-8-ಸಿಗ್ ಎಂದು ಓದಿ.

ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ 5.7ನೇ ಆವೃತ್ತಿಯಿಂದ, ಕೆಟ್ಟ ಮೌಲ್ಯ ಬಂದರೆ ದೋಷ ತೋರಿಸಿ ನಿಲ್ಲುವ ಕಟ್ಟುನಿಟ್ಟಿನ ಮೋಡ್ ತಾನಾಗಿಯೇ ಇದೆ ಎಂದು ನೆಮ್ಮದಿಯಾಗಿರಬೇಡಿ. ಫೈಲು ತುಂಬುವ ಲೋಡ್ ಡೇಟಾ ಆದೇಶಕ್ಕೆ ಲೋಕಲ್ ಎಂಬ ಪದ ಸೇರಿದರೆ ಅಂಥ ದೋಷಗಳು ಬರೀ ಎಚ್ಚರಿಕೆಗಳಾಗಿ ಇಳಿಯುತ್ತವೆ; ಪ್ರತಿ ಬಾರಿಯೂ ಎಚ್ಚರಿಕೆ ಪಟ್ಟಿ ತೆಗೆದು ಓದಿ. ಒರಾಕಲ್ ಡೇಟಾಬೇಸ್‌ನಲ್ಲಿ ಕನ್ನಡ ಹೆಸರು ಉದ್ದ ಮೀರಿತು ಎಂದರೆ, ಕಾಲಂನ 50 ಎಂಬುದು ಸಾಮಾನ್ಯವಾಗಿ ಬೈಟ್ ಲೆಕ್ಕ. ಯುಟಿಎಫ್-8ರಲ್ಲಿ ಅದಕ್ಕೆ ಹಿಡಿಯುವುದು 16 ಕನ್ನಡ ಅಕ್ಷರ ಸಂಕೇತ ಮಾತ್ರ, ಗುಣಿತ ಒತ್ತುಗಳೂ ಸೇರಿ.

ತಿರಸ್ಕೃತ ಪಟ್ಟಿಯನ್ನು ಸಂಘಕ್ಕೆ ವಾಪಸ್ ಕಳಿಸುವಾಗ ಸಿಎಸ್‌ವಿ ಮಾಡಬೇಡಿ. ಅಲ್ಲಿ ಅವರು ಡಬಲ್ ಕ್ಲಿಕ್ ಮಾಡುವುದು ಖಂಡಿತ. ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲೇ ಇರಲಿ, ಎಲ್ಲ ಕಾಲಂ ಮೊದಲೇ ಟೆಕ್ಸ್ಟ್ ಫಾರ್ಮ್ಯಾಟ್‌ನಲ್ಲಿರಲಿ, ಕೆಟ್ಟ ಸೆಲ್‌ಗಷ್ಟೇ ಬಣ್ಣವಿರಲಿ, ಪಕ್ಕದ ಕಾಲಂನಲ್ಲಿ ಕಾರಣ ಕನ್ನಡದಲ್ಲಿರಲಿ: "16 ಅಂಕಿಯ ಖಾತೆ, ಕೊನೆಯ ಅಂಕಿ ಅನುಮಾನ, ಪಾಸ್‌ಬುಕ್ ನೋಡಿ ಬರೆಯಿರಿ." ಮೂಲ ಸಾಲಿನ ಸಂಖ್ಯೆ ಇರುವ ಕಾಲಂಗೆ ಬೀಗ ಹಾಕಿ ಕಳಿಸಿ; ತಿದ್ದಿ ಬಂದ ಸಾಲು ಎಲ್ಲಿಗೆ ಸೇರಬೇಕೆಂದು ಸ್ಕ್ರಿಪ್ಟ್ ತಿಳಿಯುವುದು ಅದರಿಂದಲೇ.